ತಾಮ್ರದ ಮೇಲಿನ ದೊರೆಮಗಳು

"ಕೇಳ್ರಪ್ಪೋ ಕೇಳಿ! ದೊರೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ತಲೆ ಉರುಳುತ್ತದೆ!" ಎಂದು ಊರೂರಲ್ಲಿ ಡಂಗುರ ಸಾರಿದರು.

ಆ ದೊರೆಗಿದ್ದವಳು ಒಬ್ಬಳೇ ಮಗಳು. ಏಳು ವರ್ಷ ತುಂಬುವಷ್ಟರಲ್ಲಿ ಸಿಡುಬು ಕೊಂಡೊಯ್ದಿತು, ಪಾಪ. ಅವಳ ಮುಖ ಮನೆಮನೆಯಲ್ಲೂ ಇರಲೆಂದು ತಾಮ್ರದ ಕಾಸಿಗೆ ಅಚ್ಚು ಹಾಕಿಸಿದ. ಹನ್ನೆರಡು ವರ್ಷಕ್ಕೆ ಮುಖ ಸವೆದುಹೋಯಿತು. ದೊರೆ ಕೆಂಡವಾದ, ಅಚ್ಚು ಕೆತ್ತಿದ್ದ ಕಾಳಾಚಾರಿಯೇ ಮೋಸ ಮಾಡಿದನೆಂದು ಸೆರೆಗೆ ತಳ್ಳಿದ. ಅಮಾವಾಸ್ಯೆಗೆ ನೇಣು. ಆದರೂ ಸಮಾಧಾನವಾಗದೆ ಈ ಡಂಗುರ ಹೊಡೆಸಿದ.

ಕಾಳಾಚಾರಿಯ ಮಗ ಮೋನಪ್ಪ, ಅಪ್ಪನ ಕುಲುಮೆಗೆ ಗಾಳಿ ಊದಲು ತಿದಿ ಒತ್ತುವವನು. ಅಪ್ಪನನ್ನು ಬಿಟ್ಟರೆ ಅವನಿಗೆ ಯಾರೂ ಇಲ್ಲ. ಅವನು ಅರಮನೆಗೆ ಬಂದಾಗ ಒಗಟು ಬಿಡಿಸಲು ಇಬ್ಬರು ಮುಂದೆ ನಿಂತಿದ್ದರು.

"ಕತ್ತಿಯಿಲ್ಲದೆ, ಉಜ್ಜುವ ಅರವಿಲ್ಲದೆ ನನ್ನ ಮಗಳ ಮೂಗು ಅಳಿಸಿದವರು ಯಾರು?" ಎಂದ ದೊರೆ.

"ಕಳ್ಳರು" ಎಂದ ಸೆಟ್ಟಿಯ ಮಗ. ತಲೆ ಹೋಯಿತು. "ಶತ್ರುಗಳು" ಎಂದ ದಳವಾಯಿಯ ಅಳಿಯ. ಅವನದೂ ಹೋಯಿತು. ಮೋನಪ್ಪ ಮುಂದೆ ಬಂದು ಕೈಮುಗಿದ.

"ಪ್ರೀತಿಸಿದವರೇ ಅಳಿಸಿದ್ದು, ಬುದ್ಧಿ. ಹೆಂಗಸರು ಶುಕ್ರವಾರ ಶುಕ್ರವಾರ ಹುಣಿಸೆಹುಳಿ ಹಚ್ಚಿ ಆ ಮುಖ ಬೆಳಗಿ, ಕುಂಕುಮವಿಟ್ಟು ದೇವರ ಗೂಡಿನಲ್ಲಿಡುತ್ತಾರೆ. ಉಳಿದದ್ದು ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ, ಚೀಲದೊಳಗೆ ಒಂದಕ್ಕೊಂದು ತಿಕ್ಕಿ ಸವೆಯಿತು."

ದೊರೆ ತೂತುಬಿದ್ದ ಕಾಸೊಂದನ್ನು ಎಸೆದ. "ಅವಳ ಹಣೆಗೆ ಮೊಳೆ ಹೊಡೆದ ಕಟುಕ ಯಾರು?"

"ಒಬ್ಬ ತಾಯಿ. ತೂತಿಗೆ ದಾರ ಪೋಣಿಸಿ ಸಿಡುಬೆದ್ದ ಕೂಸಿನ ಕೊರಳಿಗೆ ಕಟ್ಟಿದ್ದಾಳೆ. ನಿಮ್ಮ ಮಗಳು ಕಾಯಲಿ ಅಂತ."

ದೊರೆಯ ದನಿ ಇಳಿಯಿತು. "ಹಾಗಾದರೆ ಅವಳ ಮುಖ ಸವೆಯದೆ ಉಳಿದಿರುವುದು ಎಲ್ಲಿ?"

ಮೋನಪ್ಪ ಬಗ್ಗಿ ನೆಲ ಮುಟ್ಟಿದ. "ಮಣ್ಣೊಳಗೆ, ಬುದ್ಧಿ. ಸತ್ತವರ ಹಣೆಗೆ ಹೊಸ ಕಾಸು ಅಂಟಿಸಿ ಕಳಿಸುತ್ತೇವೆ. ಅದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ."

ತುಂಬಿದ ಸಭೆಯಲ್ಲಿ ದೊರೆ ಬಿಕ್ಕಿ ಬಿಕ್ಕಿ ಅತ್ತ. "ಏನು ಬೇಕೋ ಕೇಳಪ್ಪ."

"ನಮ್ಮಪ್ಪ ಬೇಕು."

"ಕರೆತನ್ನಿ! ಹಳೆಯ ಅಚ್ಚೂ ಸವೆದಿದೆ, ಅವನೇ ಹೊಸದು ಕೆತ್ತಲಿ. ಅವಳು ಬದುಕಿದ್ದಾಗ ಎದುರಿಗೆ ಕೂರಿಸಿಕೊಂಡು ಮುಖ ಬರೆದವನು ಅವನೊಬ್ಬನೇ."

ಕಾಳಾಚಾರಿ ಬಂದ. ಕೈಗಳಿಗೆ ಬಟ್ಟೆ ಸುತ್ತಿತ್ತು. ಮೋನಪ್ಪ ಬಿಚ್ಚಿ ನೋಡಿ "ಅಯ್ಯೋ ಅಪ್ಪಾ!" ಎಂದು ಚೀರಿದ. ಎರಡೂ ಹೆಬ್ಬೆರಳಿರಲಿಲ್ಲ. ಕಾಸಿನಲ್ಲಿ ಮೋಸ ಮಾಡಿದವನಿಗೆ ನೇಣಿಗೆ ಮುಂಚೆ ಹೆಬ್ಬೆರಳು ತೆಗೆಯಬೇಕೆಂಬುದು ಆ ದೊರೆಯದೇ ಕಟ್ಟಳೆ.

"ಹೇಗಿದ್ದಳೆಂದು ನೀನು ಹೇಳು, ಮಗ ಕೆತ್ತಲಿ," ಎಂದು ದೊರೆ ಅಂಗಲಾಚಿದ.

"ಬಾಯಲ್ಲಿ ಹೇಳಲು ಬರುವುದಿಲ್ಲ, ದೊರೆ. ಅದು ಕೈಗೆ ಗೊತ್ತಿತ್ತು," ಎಂದ ಮುದುಕ.

ಮೋನಪ್ಪನಿಗೆ ಚಿನ್ನ ಕೊಟ್ಟರು, ಹೊಲ ಕೊಟ್ಟರು. ಅವನು ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು ಮನೆಗೆ ಹೋಗಿ, ಅನ್ನ ಕಲಸಿ, ತುತ್ತು ಮಾಡಿ ಬಾಯಿಗಿಟ್ಟ.