ಕುದುರೆಯ ಕಿವಿಯಲ್ಲಿ ಅಜ್ಜನವರು ಹೇಳುತ್ತಿದ್ದ ಮಾತು

ಕರಿಗುಡ್ಡದ ಪೂಜ್ಯ ಅಡಿವಯ್ಯ ಅಜ್ಜನವರ ಮಠವೆಂದರೆ ಕಲ್ಲುಕಂಬದ ದೊಡ್ಡ ಕಟ್ಟಡವೇನೂ ಅಲ್ಲ. ಮಣ್ಣಿನ ಮಾಳಿಗೆಯ ಎರಡು ಅಂಕಣ, ಮುಂದೆ ಒಂದು ಬೇವಿನ ಮರ, ಮರದ ಬಗಲಿಗೆ ಜೋಳದ ಕಣಿಕೆ ಹೊದಿಸಿದ ಒಂದು ಕುದುರೆ ಲಾಯ. ಅಷ್ಟೇ. ದರ್ಶನಕ್ಕೆ ಬಂದವರು ಗದ್ದುಗೆಯ ಕಡೆ ಹೋಗಿ ಕಾಯುತ್ತ ಕೂತರೆ ಮಧ್ಯಾಹ್ನದವರೆಗೂ ಕೂರಬೇಕಾಗುತ್ತಿತ್ತು. ತಿಳಿದವರು ನೆಟ್ಟಗೆ ಲಾಯಕ್ಕೇ ಹೋಗುತ್ತಿದ್ದರು. ಪೂಜ್ಯರು ಅಲ್ಲಿ ಕಾವಿಯನ್ನು ಮೊಳಕಾಲಿನ ಮೇಲಕ್ಕೆ ಕಟ್ಟಿಕೊಂಡು ಲದ್ದಿ ಬಳಿಯುತ್ತಲೋ, ಹುರುಳಿ ನೆನೆಹಾಕುತ್ತಲೋ ಇರುತ್ತಿದ್ದರು.

ಹಂಸಿ ಎಂಬುದು ಲಾಯದಲ್ಲಿದ್ದ ಬಿಳಿ ಹೆಣ್ಣು ಕುದುರೆಯ ಹೆಸರು. ಸುತ್ತಿನ ಹನ್ನೊಂದು ಹಳ್ಳಿಗಳಿಗೆ ಅಜ್ಜನವರು ಅದರ ಮೇಲೆಯೇ ಭಿಕ್ಷೆಗೆ ಹೋಗಿ ಬರುತ್ತಿದ್ದರು. ಪ್ರತಿದಿನ ಏರುವ ಮೊದಲು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ಒಯ್ದು ಏನೋ ಹೇಳುತ್ತಿದ್ದರು. ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕುದುರೆ ಒಮ್ಮೆ ಕಿವಿ ಝಾಡಿಸಿ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಎಪ್ಪತ್ತರ ಮುದುಕರು ಸಾವಕಾಶ ಹತ್ತಿ ಕೂರುತ್ತಿದ್ದರು. ಅದು ಕುದುರೆಯನ್ನು ವಶಮಾಡುವ ಮಂತ್ರವೆಂದು ಭಕ್ತರೆಲ್ಲ ನಂಬಿದ್ದರು. ಐದು ಅಕ್ಷರದ್ದು ಎಂದು ಕೆಲವರು, ಅಲ್ಲ ಎಂಟು ಅಕ್ಷರದ್ದು ಎಂದು ಕೆಲವರು. ಒಂದು ಸಲ ಮರದ ಮರೆಯಲ್ಲಿ ನಿಂತು ಕಿವಿಗೊಟ್ಟಿದ್ದ ಊರ ಶಾನುಭೋಗರು ಮಾತ್ರ "ಸಂಸ್ಕೃತ, ಅದರಾಗ ಸಂಶಯ ಇಲ್ಲ" ಎಂದು ಖಾತ್ರಿ ಕೊಟ್ಟಿದ್ದರು. ಮಠದಲ್ಲಿ ಅಡುಗೆ ಮಾಡುತ್ತಿದ್ದ ನೀಲವ್ವ, ಅಜ್ಜನವರು ನಿಂತು ಜಪಿಸಿದ ಜಾಗದ ಮಣ್ಣನ್ನು ದಿನವೂ ಹಣೆಗೆ ಹಚ್ಚಿಕೊಳ್ಳುತ್ತಿದ್ದಳು.

ಆ ಮಂತ್ರದ ಸುದ್ದಿ ರೈಲು ಸ್ಟೇಷನ್ನಿದ್ದ ಪೇಟೆಯ ದಸ್ತಗೀರಸಾಬನ ಕಿವಿಗೂ ಬಿದ್ದಿತ್ತು.

ದಸ್ತಗೀರಸಾಬ ಕುದುರೆಗೆ ಲಾಳ ಕಟ್ಟುವವನು. ಅವನ ತಂದೆಯದೂ ತಾತನದೂ ಅದೇ ಕಸುಬು. ಎತ್ತನ್ನಾದರೆ ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ ಲಾಳ ಹೊಡೆಯುತ್ತಾರೆ. ಕುದುರೆಗೆ ಹಾಗಲ್ಲ. ಅದು ನಿಂತೇ ಇರಬೇಕು, ತಾನಾಗಿ ಕಾಲು ಕೊಡಬೇಕು. ಲಾಳ ಕಟ್ಟುವವನು ಅದಕ್ಕೆ ಬೆನ್ನು ತಿರುಗಿಸಿ ಬಗ್ಗಿ, ಗೊರಸನ್ನು ಮೊಳಕಾಲ ನಡುವೆ ಹಿಡಿದು, ಬಾಯಲ್ಲಿ ಕಚ್ಚಿಕೊಂಡ ಮೊಳೆಗಳನ್ನು ಒಂದೊಂದಾಗಿ ತೆಗೆದು ಹೊಡೆಯಬೇಕು. "ಕುದುರೆಗೆ ಹಗ್ಗ ಹಾಕಿದರೆ ನಮ್ಮ ಮನೆತನಕ್ಕೆ ಹಾಕಿದಂಗ" ಎಂದು ಅವನ ತಂದೆ ಹೇಳುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ಟಾಂಗಾ ಕುದುರೆ ದಸ್ತಗೀರಸಾಬನ ಎದೆಗೆ ಒದ್ದಿತು. ಮೂರು ಪಕ್ಕೆಲುಬು ಮುರಿದವು. ಅವು ಕೂಡಿಕೊಂಡವು, ಆದರೆ ಆಮೇಲೆ ಯಾವ ಕುದುರೆಯೂ ಅವನಿಗೆ ಕಾಲು ಕೊಡಲಿಲ್ಲ. ಹತ್ತಿರ ಹೋದರೆ ಸಾಕು, ಕಿವಿ ಹಿಂದಕ್ಕೆ ಮಲಗಿಸಿ ತಿರುಗಿ ನಿಲ್ಲುತ್ತಿದ್ದವು. ಯಾರದೋ ಕಣ್ಣು ತಾಗಿದೆ ಎಂದು ಅವನು ತಾಯಿತ ಕಟ್ಟಿಸಿದ, ದರ್ಗಾದ ಬೂದಿ ಹಚ್ಚಿದ. ಏನೂ ಹತ್ತಲಿಲ್ಲ. ಕೊನೆಗೆ, ಮನೆತನದಲ್ಲಿ ಯಾರೂ ಮಾಡದ್ದನ್ನು ಮಾಡಿದ. ಒಂದು ಕುದುರೆಯನ್ನು ಎತ್ತಿನ ಹಾಗೆ ಹಗ್ಗ ಹಾಕಿ ಕೆಡವಿದ. ಅದು ಒದ್ದಾಡಿ ಸೊಂಟ ಮುರಿದುಕೊಂಡಿತು. ಅಂದಿನಿಂದ ಎತ್ತುಗಳಿಗಷ್ಟೇ ಲಾಳ ಕಟ್ಟುತ್ತಿದ್ದ. ಪೇಟೆಯಲ್ಲಿ ಜನ "ಎತ್ತಿನ ದಸ್ತಗೀರ" ಎಂದು ಕರೆಯತೊಡಗಿದ್ದರು. ಕರೆದರೆ ಓಗೊಡುವುದನ್ನೂ ಕಲಿತಿದ್ದ.

ಅಂಥವನಿಗೆ ಒಂದು ಬೆಳಿಗ್ಗೆ ಟಾಂಗಾದ ಯಮನೂರಪ್ಪ ಬಂದು ಹೇಳಿದ, "ದಸ್ತಗೀರಣ್ಣ, ಹಂಸಿ ಕಾಲು ನೆಲಕ್ಕ ಊರವಲ್ಲದು. ಯಾವನೋ ದಾರಿಹೋಕ ಲಾಳ ಕಟ್ಟಿ, ಮೊಳಿ ಗೊರಸಿನ ಒಳಗಿನ ಜೀವಕ್ಕ, ಹಸಿ ಮಾಂಸಕ್ಕ, ಹೊಡದು ಹೋಗ್ಯಾನ. ಒಳಗ ಕೀವ ಆಗೇತಿ. ಅಜ್ಜಾರು ನಿನ್ನ ಕರಕೊಂಡು ಬಾ ಅಂದಾರ."

"ನನ್ನ? ಬ್ಯಾರೆ ಯಾರೂ ಸಿಗಲಿಲ್ಲೇನು?"

"ನಾನೂ ಅದನ್ನ ಕೇಳಿದೆ" ಎಂದು ಯಮನೂರಪ್ಪ ಹಲ್ಲು ಬಿಟ್ಟ. "ಅವನ ಬರಲಿ ಅಂದ್ರು."

ದಸ್ತಗೀರಸಾಬ ಒಲ್ಲೆ ಎನ್ನುವವನೇ ಇದ್ದ. ಆದರೆ ಆ ಮಂತ್ರ ನೆನಪಾಯಿತು. ಅದೊಂದು ಸಿಕ್ಕರೆ ಕಸುಬು ಮತ್ತೆ ಕೈಗೆ ಬಂತು. ಚೀಲ ತೆಗೆದುಕೊಂಡ. ಇರಲಿ ಎಂದು ಹಗ್ಗವನ್ನೂ ಹಾಕಿಕೊಂಡ. ಕುದುರೆಯ ಮುಖ ಕಾಣದ ಹಾಗೆ ಟಾಂಗಾದ ಹಿಂದಿನ ಸೀಟಿನಲ್ಲಿ ಕೂತ.

ದಾರಿಯಲ್ಲಿ ಒಂದು ಹಳ್ಳ, ಅದಕ್ಕೆ ಅಂಚಿಗೆ ತಡೆಗೋಡೆಯಿಲ್ಲದ ಇಕ್ಕಟ್ಟಾದ ಕಲ್ಲಿನ ಸೇತುವೆ. ಎರಡು ಮಳೆಗಾಲದ ಹಿಂದೆ ಯಮನೂರಪ್ಪನ ಅಣ್ಣನ ಗಾಡಿ ಅಲ್ಲೇ ಹಳ್ಳಕ್ಕೆ ಬಿದ್ದಿತ್ತು. ಅಣ್ಣ ಬದುಕಿದ್ದ, ಗಾಡಿ ತೇಲಿಹೋಗಿತ್ತು. ಸೇತುವೆ ಬರುತ್ತಲೇ ಯಮನೂರಪ್ಪ ಲಗಾಮು ಬಿಗಿಯಾಗಿ ಹಿಡಿದ, ಅವನ ಕುದುರೆ ಕಾಲು ಊರಿ ನಿಂತುಬಿಟ್ಟಿತು. "ದಿನಾ ಇದ ಗೋಳು! ಇದರ ಹಟ ನೋಡು!" ಎಂದು ಬೈಯುತ್ತ ಅವನು ನಾಲ್ಕಾರು ಛಡಿ ಬಾರಿಸಿದ ಮೇಲೆ ಅಡ್ಡಾದಿಡ್ಡಿ ಓಡಿ ದಾಟಿತು. ಹಿಂದೆ ಕೂತಿದ್ದ ದಸ್ತಗೀರಸಾಬನ ಕೈ ಸೀಟಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದಿತ್ತು.

ಮಠದಲ್ಲಿ ಅಜ್ಜನವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹಂಸಿಯ ಕಾಲಿಗೆ ಬೇವಿನ ಬಿಸಿನೀರು ಹನಿಸುತ್ತಿದ್ದರು. ಕುದುರೆ ಮೂರು ಕಾಲಿನ ಮೇಲೆ ನಿಂತಿತ್ತು, ಮೈ ಬೆವತಿತ್ತು, ಹೊಟ್ಟೆ ಎರಡೂ ಕಡೆ ತುಂಬಿ ಜೋತಿತ್ತು. ದಸ್ತಗೀರಸಾಬನ ಚೀಲದಿಂದ ಇಣುಕುತ್ತಿದ್ದ ಹಗ್ಗ ನೀಲವ್ವನ ಕಣ್ಣಿಗೆ ಬಿತ್ತು.

"ಏ ಸಾಬಣ್ಣಾ, ಹಗ್ಗ ಯಾಕ ತಂದಿ? ಒಂಬತ್ತು ತಿಂಗಳ ಗಬ್ಬದಾಕಿ ಅಕಿ. ಎತ್ತಿನಂಗ ಕೆಡವತೀಯೇನು? ಎರಡು ಜೀವ ಹೋಗತಾವ ನೋಡು."

ಗಬ್ಬದ ವಿಷಯ ಯಮನೂರಪ್ಪ ದಸ್ತಗೀರಸಾಬನಿಗೆ ಹೇಳಿರಲಿಲ್ಲ. ಕೆಡವುವ ಹಾಗಿಲ್ಲ. ಹಾಗೇ ಬಿಟ್ಟರೆ ಕೀವು ಮೇಲೇರಿ ಕುದುರೆ ಉಳಿಯುವುದಿಲ್ಲ. ನಿಂತ ಕುದುರೆಯ ಕಾಲನ್ನೇ ಎತ್ತಬೇಕು, ಅದೂ ನೋವಿನ ಕಾಲು. ಹಗ್ಗವನ್ನು ಚೀಲದ ತಳಕ್ಕೆ ತುರುಕಿ, ಅಭ್ಯಾಸದಂತೆ ನಾಲ್ಕು ಮೊಳೆ ಬಾಯಲ್ಲಿ ಕಚ್ಚಿಕೊಂಡು, ಮುಖ ಗಂಟಿಕ್ಕಿ, ಎದೆ ಉಬ್ಬಿಸಿ ನಡೆದ. ಇನ್ನೂ ಎರಡು ಮಾರು ದೂರವಿರುವಾಗಲೇ ಹಂಸಿ ಕಿವಿ ಮಲಗಿಸಿತು. ಮೂರು ಕಾಲಿನ ಮೇಲೆಯೇ ಗಿರಕಿ ತಿರುಗಿ, ಕಂಬಕ್ಕೆ ಒತ್ತಿಕೊಂಡು ಗಡಗಡ ನಡುಗಿತು. ಲಾಯದ ಕಣಿಕೆ ಉದುರಿತು.

ದಸ್ತಗೀರಸಾಬ ಹಿಂದೆ ಸರಿದ. ಇನ್ನೊಮ್ಮೆ ಹೋದ, ಇನ್ನೊಮ್ಮೆ ಹಾಗೆಯೇ ಆಯಿತು.

ಅಜ್ಜನವರು ಎದ್ದು ಬಂದು ಅವನ ಮುಖವನ್ನೇ ನೋಡಿದರು.

"ಲಾಳ ಬಿಚ್ಚೂದಕ್ಕ ಬಾಯಾಗ ಮೊಳಿ ಯಾಕೋ ತಮ್ಮಾ?"

ಅವನ ಕೈ ಬಾಯಿಗೆ ಹೋಯಿತು. ಹೌದು, ಬಿಚ್ಚುವ ಕೆಲಸಕ್ಕೆ ಒಂದೂ ಮೊಳೆ ಬೇಕಾಗಿರಲಿಲ್ಲ. ಹಲ್ಲು ಕಟಕಟ ಅನ್ನಬಾರದೆಂದು ಕಚ್ಚಿಕೊಂಡಿದ್ದ. ಎರಡು ವರ್ಷದಿಂದ ಹಾಗೇ ಮಾಡುತ್ತ ಬಂದಿದ್ದ. ಹೆಂಡತಿಗೂ ಗೊತ್ತಿರಲಿಲ್ಲ. ತನಗೇ ಈಗ ಗೊತ್ತಾದ ಹಾಗಿತ್ತು. ಅಂಗೈಗೆ ಮೊಳೆ ಉಗುಳಿಕೊಂಡು ಅಜ್ಜನವರ ಪಾದದ ಮುಂದೆ ಕುಸಿದು ಕೂತ.

"ಅಜ್ಜಾರ, ನಾ ಕೆಟ್ಟೇನ್ರಿ. ನೀವು ಅಕಿ ಕಿವ್ಯಾಗ ಹೇಳೂ ಮಂತ್ರ ನನಗೂ ಕೊಡ್ರಿ. ನಾ ನಿಮ್ಮ ಜಾತ್ಯಾಂವ ಅಲ್ಲ, ಖರೆ. ಬ್ಯಾರೆದವರಿಗೆ ಹೇಳೂದಿಲ್ಲ ಅಂತ ಆಣಿ ಮಾಡತೀನಿ."

ಪೂಜ್ಯರು ನಕ್ಕರು. ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಹೇಳಾಕ ಬರಬಾರದ್ದು ಏನೂ ಇಲ್ಲೋ. ನನಗ ಕುದರಿ ಅಂದ್ರ ಭಾಳ ಅಂಜಿಕಿ. ಸಣ್ಣಾಂವಿದ್ದಾಗ ಒಮ್ಮೆ ಬಿದ್ದಿದ್ದೆ, ಅವತ್ತಿನಿಂದ. ದಿನಾ ಏರೂ ಮುಂದ ಅಕೀಗೆ ಅದನ್ನ ಹೇಳತೀನಿ. 'ಯವ್ವಾ, ನಾ ಅಂಜೇನಿ. ನಿನಗ ಅಲ್ಲ, ಬೀಳೂದಕ್ಕ. ಸಾವಕಾಶ ನಿಲ್ಲು.' ಇಷ್ಟ."

ಬಿಸಿನೀರಿನ ಕೊಡ ಹಿಡಿದು ನಿಂತಿದ್ದ ನೀಲವ್ವ ಬಾಯಿ ತೆರೆದಳು. "ಇಷ್ಟ ಏನ್ರೀ ಅಜ್ಜಾರ? ನಾ ಹನ್ನೆರಡು ವರ್ಷ ಆ ಮಣ್ಣು ಹಣಿಗೆ ಹಚ್ಚೇನಲ್ರಿ!"

"ಮಣ್ಣಿಗೇನಾಗೇತಿ? ಛಲೋ ಮಣ್ಣ ಐತಿ, ಹಚ್ಚು."

ಯಮನೂರಪ್ಪ ಬೇವಿನ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ದಸ್ತಗೀರಸಾಬನಿಗೆ ನಗು ಬರಲಿಲ್ಲ. ಇಷ್ಟು ದೂರ ಬಂದದ್ದು ಇಷ್ಟಕ್ಕೇನಾ ಎಂದು ಅವನ ಮುಖ ಸಪ್ಪಗಾಯಿತು. "ನಾ ಅಂಜೇನಿ ಅಂತ ಕುದರಿಗೆ ಗೊತ್ತಾದರ ಅದು ಇನ್ನಷ್ಟು ಒದೀತೈತಲ್ರಿ" ಎಂದ.

ಅಜ್ಜನವರು ಹಂಸಿಯ ಕಡೆ ಕೈ ಮಾಡಿದರು. "ಗೊತ್ತಾಗೇ ಬಿಟ್ಟೈತಲ್ಲೋ. ನಿನ್ನ ಬೆವರು ಹೇಳತೈತಿ, ನೀ ಹಿಡಿದ ಉಸುರು ಹೇಳತೈತಿ. ನೀ ಅಂಜೀದಿ ಅನ್ನೂದು ಅಕೀಗೆ ಗೊತ್ತು. ಯಾಕ ಅಂಜೀದಿ ಅನ್ನೂದು ಗೊತ್ತಿಲ್ಲ. ತನ್ನ ಹಿಂದ ತೋಳ ಬಂದೈತಿ, ಅದಕ್ಕ ಇವ ಹಿಂಗ ಮಾಡಾಕತ್ತ್ಯಾನ ಅಂತ ತಿಳಕೋತೈತಿ. ತೋಳ ಇಲ್ಲ ಅಂತ ನೀನ ಹೇಳಬೇಕು. ಮೊದಲ ಉಸುರು ಬಿಡು."

ಪೂಜ್ಯರು ಎದ್ದರು. ಕೊಡ ತೆಗೆದುಕೊಂಡು ಹುರುಳಿ ನೆನೆಹಾಕಲು ಹೊರಟುಹೋದರು.

ದಸ್ತಗೀರಸಾಬ ಹಂಸಿಯ ಕಿವಿಗಳನ್ನೇ ನೋಡಿದ. ತೋಳ. ಅವನು ಕುದುರೆಯನ್ನು ಶತ್ರು ಎಂದುಕೊಂಡಿದ್ದ. ಕುದುರೆ ತನ್ನ ಬೆನ್ನ ಹಿಂದೆ ಬರುತ್ತಿದ್ದ ಶತ್ರುವನ್ನು ಹುಡುಕುತ್ತಿತ್ತು. ತಾನು ಹಗ್ಗ ಹಾಕಿ ಕೆಡವಿದ ಆ ಕುದುರೆಯೂ ಹಾಗೆಯೇ ಅಂಜಿ ಒದ್ದಾಡಿರಬೇಕು. ಅದು ನೆನಪಾಗಿ ಅವನ ಕಣ್ಣು ತುಂಬಿತು. ಕೈಯಲ್ಲಿದ್ದ ಮೊಳೆಗಳನ್ನು ನೆಲದ ಮೇಲಿಟ್ಟು ಎದ್ದ. ಇಕ್ಕಳ, ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯಲ್ಲಿ ಹೋದ. ಹಂಸಿ ಕಿವಿ ಮಲಗಿಸಿತು. ಅವನು ನಿಂತ. ಕಟ್ಟಿ ಹಿಡಿದ ಉಸಿರು ಒಮ್ಮೆಗೇ ಹೊರಗೆ ಬಂತು, ಅಳುವಿನ ಹಾಗೆ.

"ಅಂಜೇನವ್ವಾ" ಎಂದ. ದನಿ ನಡುಗಿತು, ನಡುಗಲಿ ಎಂದು ಬಿಟ್ಟ. "ನಿನ್ನಂಥಾಕಿ ಒಬ್ಬಾಕಿ ನನ್ನ ಎದಿಗೆ ಒದ್ದಿದ್ಲು. ಇಲ್ಲಿ, ಈ ಎಲುವಿಗೆ. ಅವತ್ತಿಂದ ಎಲ್ಲಾರಿಗೂ ಅಂಜತೀನಿ. ನಿನ್ನ ಹಿಂದ ಯಾರೂ ಇಲ್ಲ. ತೋಳ ಇಲ್ಲ, ಏನಿಲ್ಲ. ನಾನ ಅಂಜಬುರುಕ ಅದೀನಿ, ಅಷ್ಟ."

ಹಂಸಿಯ ಒಂದು ಕಿವಿ ಅವನ ಕಡೆ ತಿರುಗಿತು. ಇನ್ನೊಂದೂ ತಿರುಗಿತು. ಅವನು ಮಾತಾಡುತ್ತಲೇ ಇದ್ದ. ತಂದೆಯ ಮಾತು ಹೇಳಿದ, ಪೇಟೆಯವರು ಇಟ್ಟ ಹೆಸರು ಹೇಳಿದ. ಕುದುರೆ ತಲೆ ಕೆಳಗೆ ಮಾಡಿ, ಹೊಳ್ಳೆಯಿಂದ ಫರ್ರ್ ಎಂದು ಉಸಿರು ಬಿಟ್ಟು, ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯುವಂತೆ ಬಾಯಾಡಿಸಿತು. ಅವನ ಕೈ ಅದರ ಭುಜದಿಂದ ಇಳಿದು ಮೊಳಕಾಲಿಗೆ, ಮೊಳಕಾಲಿನಿಂದ ಗೊರಸಿಗೆ ಹೋಯಿತು. ಅಂಜಿಕೆ ಹೋಗಿರಲಿಲ್ಲ. ಹಂಸಿ ಕಾಲು ಕೊಟ್ಟಿತು.

ಬೆನ್ನು ತಿರುಗಿಸಿ ಬಗ್ಗಿದ. ಎರಡು ವರ್ಷದ ಮೇಲೆ ಕುದುರೆಯ ಬಿಸಿ ಗೊರಸು ಅವನ ಮೊಳಕಾಲ ನಡುವೆ ಬಂದಿತ್ತು. ಲಾಳ ಬಿಚ್ಚಿದ, ಜೀವಕ್ಕೆ ಹೊಡೆದ ಮೊಳೆ ಹುಡುಕಿ ಕಿತ್ತ, ಚಾಕುವಿನಿಂದ ಸಾವಕಾಶ ಕೆತ್ತಿದ. ಕಪ್ಪು ಕೀವು ಚಿಮ್ಮಿ ಅವನ ಅಂಗಿಗೆ ಬಿತ್ತು. ಹಂಸಿ ಇಡೀ ಮೈಯಿಂದ ಒಂದು ನಿಟ್ಟುಸಿರು ಬಿಟ್ಟು, ಗಬ್ಬದ ಭಾರವನ್ನೆಲ್ಲ ಅವನ ಬೆನ್ನಿನ ಮೇಲೆ ಹಾಕಿ ಒರಗಿತು.

"ಅಕಿ ಮಲಗ್ತಾಳೇನ್ರೀ ನನ್ನ ಮ್ಯಾಲ! ನೀಲವ್ವಾ, ಬಾ, ನಡಾ ಮುರೀತು!" ಎಂದು ಕೂಗಿದ ದಸ್ತಗೀರಸಾಬ ನಗುತ್ತಿದ್ದನೋ ಅಳುತ್ತಿದ್ದನೋ ನೋಡಿದವರಿಗೆ ತಿಳಿಯಲಿಲ್ಲ.

ಅಜ್ಜನವರು ಹುರುಳಿಯ ಬುಟ್ಟಿ ಹಿಡಿದು ಬಂದರು. ನೆಲಕ್ಕೆ ಮೆಲ್ಲಗೆ ತಗುಲಿದ ಕಾಲನ್ನು ನೋಡಿದರು. "ಮರಿ ಹಾಕಿದ ಮ್ಯಾಲ ಅದರ ಗೊರಸು ನೋಡಾಕೂ ನೀನ ಬರಬೇಕು" ಎಂದರು.

ಸಂಜೆ ಮರಳುವಾಗ ದಸ್ತಗೀರಸಾಬ ಟಾಂಗಾದ ಮುಂದಿನ ಸೀಟಿನಲ್ಲಿ ಕೂತಿದ್ದ. ನಾಲ್ಕು ಮೊಳೆಗಳು ಅಂಗಿಯ ಜೇಬಿನಲ್ಲಿದ್ದವು. ಮುಂದೆ ಬದುಕಿದಷ್ಟು ದಿನವೂ ಅವನು ಮೊಳೆಗಳನ್ನು ಜೇಬಿನಲ್ಲೇ ಇಟ್ಟುಕೊಂಡ, ಬಾಯನ್ನು ಮಾತಿಗೆ ಬಿಟ್ಟ. ಯಮನೂರಪ್ಪ ಅರ್ಧ ದಾರಿ ಚೇಷ್ಟೆ ಮಾಡಿದ. "ಏನ್ ಮಂತ್ರವೋ ಯಪ್ಪಾ! ಅಂಜೇನವ್ವಾ, ಅಂಜೇನವ್ವಾ! ನಾಳಿ ಪ್ಯಾಟ್ಯಾಗ ಹೇಳತೀನಿ ತಡಿ."

"ಹೇಳು" ಎಂದ ದಸ್ತಗೀರಸಾಬ. "ಖರೇನ ಐತಿ."

ಸೇತುವೆ ಬಂತು. ಕುದುರೆ ಕಾಲು ಊರಿ ನಿಂತಿತು. ಯಮನೂರಪ್ಪ ಛಡಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತು ಹಳ್ಳದ ನೀರನ್ನು ನೋಡಿದ. ಆಮೇಲೆ ಛಡಿಯನ್ನು ಸೀಟಿನ ಮೇಲಿಟ್ಟು, ಕೆಳಗಿಳಿದು, ಕುದುರೆಯ ಕುತ್ತಿಗೆಯ ಹತ್ತಿರ ಹೋಗಿ ನಿಂತ. ದಸ್ತಗೀರಸಾಬ ಮುಖ ತಿರುಗಿಸಿ ಜೋಳದ ಹೊಲ ನೋಡುತ್ತ ಕೂತ.

ಕುದುರೆ ಸಾವಕಾಶ ಹೆಜ್ಜೆ ಹಾಕಿ ಸೇತುವೆ ದಾಟಿತು. ಯಮನೂರಪ್ಪ ಅದರ ಪಕ್ಕದಲ್ಲೇ ನಡೆದು ಬಂದು, ಆಚೆ ದಡದಲ್ಲಿ ಹತ್ತಿ ಕೂತ. ಅದರ ಕಿವಿಯಲ್ಲಿ ಏನು ಹೇಳಿದೆ ಎಂದು ದಸ್ತಗೀರಸಾಬ ಕೇಳಲಿಲ್ಲ. ಪೇಟೆಯಲ್ಲಿ ಯಮನೂರಪ್ಪನೂ ಏನೂ ಹೇಳಲಿಲ್ಲ.