ಲಗ್ನಪತ್ರಿಕೆಯ ಇಂಗ್ಲಿಷ್ ಪುಟ

ಮೊದಲ ಸಲ ಬರೆಯುತ್ತಿದ್ದೇನೆ, ಹೇಳುವುದು ಕೆಟ್ಟರೆ ಕ್ಷಮಿಸಬೇಕು.

ಅಂದಾನಪ್ಪನ ಮಗಳ ಲಗ್ನಪತ್ರಿಕೆ ಅಂದೇ ಅಚ್ಚಾಗಬೇಕಿತ್ತು. ಮರುದಿನ ಮನೆದೇವರ ಮುಂದೆ ಮೊದಲ ಪತ್ರಿಕೆ ಇಟ್ಟು, ಆಮೇಲೆ ಹಂಚಬೇಕು. ಆದರೆ ವರನ ಸೋದರಮಾವ ಚನ್ನವೀರಪ್ಪನವರು ನಿವೃತ್ತ ಇಂಗ್ಲಿಷ್ ಮಾಸ್ತರರು. ಬೆಳಗಿನಿಂದ ಪ್ರೆಸ್ಸಿನಲ್ಲೇ ಕೂತು ಇಂಗ್ಲಿಷ್ ಪುಟ ತಿದ್ದುತ್ತಿದ್ದರು. ಮಂಟಪದ ಹೆಸರಿನ ಮೊದಲು 'ಅಟ್' ಇದ್ದರೆ 'ಇನ್' ಮಾಡುವರು, ಚಹಾ ಕುಡಿದು ಮತ್ತೆ 'ಅಟ್' ಮಾಡುವರು. ವರನ ಕಡೆಯವರು, ಅಂದಾನಪ್ಪ ಎದುರಾಡುವಂತಿಲ್ಲ.

ಮೊಳೆ ಜೋಡಿಸುವ ಹುಸೇನಸಾಬ ಕೈ ಒರೆಸಿಕೊಂಡು ಬಂದ. ಮೊಳೆ ಎಂದರೆ ಸೀಸದ ಅಕ್ಷರ, ಗೋಡೆಗೆ ಹೊಡೆಯುವುದಲ್ಲ.

"ಸರ, ಲಗ್ನಪತ್ರಿಕ್ಯಾಗ ಸಣ್ಣ ಕೂಸಿನ ಹೆಸರೂ ಹಾಕ್ತೀವಿ. ಇಷ್ಟು ಕಷ್ಟಪಟ್ಟ ನಿಮ್ಮ ಹೆಸರು ಬ್ಯಾಡೇನ್ರಿ? ಕೆಳಗ ದಪ್ಪ ಅಕ್ಷರದಾಗ 'ಇಂಗ್ಲಿಷ್ ತಿದ್ದಿದವರು ಚನ್ನವೀರಪ್ಪ ಮಾಸ್ತರರು' ಅಂತ ಹಾಕ್ತೀನ್ರಿ."

ಮಾಸ್ತರರ ಮುಖ ಅರಳಿತು. "ಹಾಕಪಾ, ಹಾಕು!"

"ಲಗ್ನಕ್ಕ ನಿಮ್ಮ ಜೋಡಿ ಕಲಿಸಿದ ಇಂಗ್ಲಿಷ್ ಮಾಸ್ತರರೆಲ್ಲಾ ಬರ್ತಾರಲ್ರಿ? ಒಂದೊಂದು ಅಕ್ಷರ ಬಿಡದಂಗ ಓದ್ತಾರ ನೋಡ್ರಿ."

ಮಾಸ್ತರರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಹೆಸರು ಬ್ಯಾಡ, ತಗಿ. ನಾ ಏನೂ ತಿದ್ದೇ ಇಲ್ಲ. ಮೊದಲು ಹೆಂಗಿತ್ತೋ ಹಂಗ ಹೊಡಿ!" ಎಂದು ಚಪ್ಪಲಿ ಹುಡುಕಿದರು.

ಯಂತ್ರ ತಿರುಗಿತು. ಅಂದಾನಪ್ಪ ಮೊದಲ ಪತ್ರಿಕೆಯನ್ನು ದೇವರಿಗೆಂದು ಎತ್ತಿಟ್ಟ. ಎರಡನೆಯದರ ಮೂಲೆಗಳಿಗೆ ತಾನು ತಂದಿದ್ದ ಅರಿಷಿಣ ಹಚ್ಚಿ, ಹುಸೇನಸಾಬನ ಮಸಿ ಮೆತ್ತಿದ ಕೈಗಳಿಗೆ ಕೊಟ್ಟ.

"ದೇವರಾದಮ್ಯಾಲ ನಿನಗ, ಅಣ್ಣಾ. ಮನಿಮಂದಿ ಎಲ್ಲಾರೂ ಬರಬೇಕು."

ಹುಸೇನಸಾಬ ಎಷ್ಟೋ ಮಂದಿಯ ಪತ್ರಿಕೆ ಅಚ್ಚು ಮಾಡಿದ್ದ. ಅರಿಷಿಣ ಹಚ್ಚಿ ಅವನಿಗೆ ಕೊಟ್ಟವರು ಯಾರೂ ಇರಲಿಲ್ಲ. ಅರಿಷಿಣ ಏಕೆ ಹಚ್ಚುತ್ತಾರೆಂದರೆ, ನಮ್ಮ ಕಡೆ ಅದು... ಬಂದೆ, ಬಂದೆ, ಊಟಕ್ಕೆ ಕರೆಯುತ್ತಿದ್ದಾರೆ.