ಕುಲುಮೆಯ ಮುಂದಿನ ತೆರೆ

ಭಗವಂತ ಕಬ್ಬಿನ ಒಣ ತರಗಿನೊಳಗೂ ಎಣ್ಣೆ ಇಟ್ಟಿದ್ದಾನೆ. ಗಾಳಿ ಸೋಕದ ಕುಲುಮೆಯಲ್ಲಿ ಅದರ ಪುಡಿಯನ್ನು ಕ್ಷಣದಲ್ಲಿ ಕಾಯಿಸಿದರೆ ಹಬೆ ಏಳುತ್ತದೆ. ಹಬೆ ತಣಿದರೆ ಉರುವಲೆಣ್ಣೆ ಇಳಿಯುತ್ತದೆ. ಆ ಕುಲುಮೆ ಕಾಯುವವನು ಕೆಂಡಗಣ್ಣಪ್ಪ. ಅಂದು ತಪಾಸಣೆಗೆ ಬರುವ ಅಧಿಕಾರಿ ಪರವಾನಗಿಗೆ ಸಹಿ ಹಾಕದಿದ್ದರೆ ಆ ಎಣ್ಣೆ ಕಾರ್ಖಾನೆಗೆ ಬೀಗ.

ಹಣೆ ತುಂಬ ಕುಂಕುಮವಿಟ್ಟ ಅಧಿಕಾರಿ ಬಂದವರೇ ಗುಡುಗಿದರು: "ಮುಚ್ಚಳ ತೆಗಿ! ಒಳಗೇನಾಗುತ್ತೆ ಅಂತ ಕಣ್ಣಾರೆ ನೋಡದೆ ಸಹಿ ಹಾಕಲ್ಲ."

"ಗಾಳಿ ಹೊಕ್ಕರೆ ಎಲ್ಲಾ ಉರಿದು ಬೂದಿ ಆಗ್ತದೆ ಸ್ವಾಮಿ."

"ನನಗೇ ಪಾಠವೇನಯ್ಯ? ತೆಗಿ ಅಂದ್ರೆ ತೆಗಿ!"

ಕೆಂಡಗಣ್ಣಪ್ಪ ಮನಸ್ಸಿನಲ್ಲೇ ಮಾದಪ್ಪನನ್ನು ನೆನೆದ. ಹೆಗಲ ಪಂಚೆಯನ್ನು ಕುಲುಮೆಯ ಮುಂದಿನ ಸರಳಿಗೆ ತೆರೆಯಂತೆ ಇಳಿಬಿಟ್ಟ. ಪಾಳಿಯ ಗಂಟೆಯನ್ನು ಢಣಢಣ ಬಾರಿಸಿದ.

ಅಧಿಕಾರಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಕೈಮುಗಿದು, ಕಣ್ಣು ಮುಚ್ಚಿಬಿಟ್ಟರು!

ಕಣ್ಣು ತೆರೆದಾಗ ಕೊಳವೆಯ ತುದಿಯಿಂದ ಕಪ್ಪನೆಯ ಎಣ್ಣೆ ತೊಟತೊಟ ಇಳಿಯುತ್ತಿತ್ತು. ಆಳುಗಳೆಲ್ಲ "ಬಂತು, ಬಂತು!" ಎಂದು ಕುಣಿದರು.

"ಏನಯ್ಯ ಇದು ಆಟ?"

"ನೈವೇದ್ಯದ ಹೊತ್ತಲ್ಲಿ ತೆರೆ ಸರಿಸಿ ಇಣುಕ್ತೀರಾ ಸ್ವಾಮಿ? ಪ್ರಸಾದ ಬಂದ್ರೆ ಸಾಕಲ್ವಾ?"

ಅಧಿಕಾರಿ ಗಲ್ಲ ಬಡಿದುಕೊಂಡರು. ಎಣ್ಣೆಯ ಬಟ್ಟಲು ಹತ್ತಿರ ಬಂದದ್ದೇ ತಡ, ಅವರ ಬಲಗೈ ತಾನಾಗಿ ಮುಂದೆ ಚಾಚಿಕೊಂಡಿತು.

"ಅಯ್ಯೋ, ಇದು ತೀರ್ಥ ಅಲ್ಲ ಸ್ವಾಮಿ, ಕುಡೀಬೇಡಿ!" ಎಂದ ಕೆಂಡಗಣ್ಣಪ್ಪ, ಆ ಅಂಗೈಯಲ್ಲಿ ಪೆನ್ನು ಇಟ್ಟ.